ಹಿಂದಿನ ಬಾಗಿಲಿಲ್ಲದ ಬಾರು

ನಮ್ಮ ಕಡೆ ಬಾರುಗಳಿಗೆ ಎರಡು ಬಾಗಿಲು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಎಲ್ಲಿಗೇ ಹೋಗಿ, ರಸ್ತೆಗೆ ಒಂದು, ಸಂದಿಗೆ ಒಂದು. ಮುಂದಿನದು ಕುಡಿಯುವವರಿಗೆ, ಹಿಂದಿನದು ಕುಡಿಯದವರಿಗೆ. ಲಿಂಗಸುಗೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ಕುಡಿಯದವರ ಪೈಕಿ. ಆಗಾಗ ಮಸ್ಕಿಗೆ ಹೋಗಿ, ಸಂದಿಯ ಬಾಗಿಲಿಂದ ನುಗ್ಗಿ, ಯಾವ ಸಂಸಾರವೂ ಕಾಲಿಟ್ಟಿರದ ಫ್ಯಾಮಿಲಿ ರೂಮಿನಲ್ಲಿ ಪರದೆ ಎಳೆದುಕೊಂಡು ಕೂತು ಬರುತ್ತೇನೆ. ಒಳಗೆ ಪರಿಚಯದವರು ಎದುರಾದರೆ ಅದಕ್ಕೂ ಒಂದು ಕಾನೂನುಂಟು. ನಾನು ಅವರನ್ನು ನೋಡಿಲ್ಲ, ಅವರು ನನ್ನನ್ನು ನೋಡಿಲ್ಲ, ಇಬ್ಬರಲ್ಲಿ ಒಬ್ಬರು ಹಿಂದಿನಿಂದ ಜಾಗ ಖಾಲಿ ಮಾಡಬೇಕು. ಮೂರೂ ಊರುಗಳ ಮಾನ ಮರ್ಯಾದೆ ನಿಂತಿರುವುದು ಈ ಕಾನೂನಿನ ಮೇಲೆ.

ನನ್ನ ಹೆಂಡತಿಯ ತಂದೆಗೆ ಸಿಂಧನೂರಿನಲ್ಲಿ ಅಕ್ಕಿ ಮಿಲ್ಲಿದೆ. ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಧೋತರ. ಮದುವೆ ಮನೆಯ ಹಿಂದೆ ಗ್ಲಾಸು ಹಿಡಿದು ನಿಂತವರು ಇವರ ಚಪ್ಪಲಿ ಸದ್ದು ಕೇಳಿದರೆ ಗ್ಲಾಸನ್ನು ಹೂಕುಂಡಕ್ಕೆ ಬಗ್ಗಿಸುತ್ತಾರೆ. ಮದುವೆಯಾದಾಗಿನಿಂದ ಅವರೂ ನಾನೂ ಆಡಿದ್ದು ಒಂದೇ ಮಾತು. "ಯಾವಾಗ ಬಂದ್ರಿ ಅಳ್ಯಾರ?" "ಈಗ ಬಂದೆರೀ ಮಾವಾರ." ಅಷ್ಟಾದ ಮೇಲೆ ಇಬ್ಬರೂ ಫ್ಯಾನು ನೋಡುತ್ತ ಕೂರುತ್ತೇವೆ.

ಇಂಥವರಿಗೆ ಅಕ್ಕಿಯಿಂದ ಕಲ್ಲು, ಕರಿಕಾಳು ಆರಿಸುವ ಹೊಸ ಮೆಷಿನ್ನಿನ ಹುಚ್ಚು ಹಿಡಿಯಿತು. ಮಾಡುವ ಕಂಪನಿ ಇಟಲಿಯಲ್ಲಿ, ವೆರ್ಚೆಲ್ಲಿ ಎಂಬ ಊರಲ್ಲಿ. ಇಂಗ್ಲಿಷಿಗೆ ಆಗುತ್ತದೆಂದು ನನ್ನನ್ನೂ ಹೊರಡಿಸಿದರು. ಮೆಷಿನ್ನು ತಂದ ಮೇಲೆ ಮಿಲ್ಲನ್ನೇ ನನಗೆ ಒಪ್ಪಿಸುವುದಾಗಿ ಊರೆಲ್ಲ ಹೇಳಿಕೊಂಡು ಬಂದರು. ನನಗೋ ಭತ್ತದ ಹೊಟ್ಟು ಕಂಡರೆ ಸೀನು. ಮಿಲ್ಲು ನಿಜವಾಗಿ ಬೇಕಾಗಿದ್ದದ್ದು ನನ್ನ ಹೆಂಡತಿಗೆ. ದಲಾಲರ ಜೊತೆ ಫೋನಿನಲ್ಲಿ ಹೊಡೆದಾಡುವವಳು ಅವಳು, ಬಸ್ಸು ಹಿಡಿದು ಸಿಂಧನೂರಿಗೆ ಹೋಗಿ ಹಮಾಲರ ಜಗಳ ಬಿಡಿಸುವವಳು ಅವಳು. ಆದರೆ ಅವಳು ಕೇಳಿದಾಗ ತಂದೆ, "ನೀ ಹೆಣ್ಮಗಳವ್ವ," ಎಂದು ನಕ್ಕು ಮುಗಿಸಿದ್ದರು.

ನನ್ನ ಬ್ಯಾಗು ತುಂಬುತ್ತ ಅವಳು ಹೇಳಿದಳು, "ಅಲ್ಲೆರ ಅಪ್ಪನ ಮುಂದ ಬಾಯಿ ಬಿಡ್ರಿ. ಮಿಲ್ ನನಗ ಬ್ಯಾಡ, ನಿಮ್ಮ ಮಗಳಿಗೆ ಕೊಡ್ರಿ ಅನ್ರಿ. ನೀವು ಸುಮ್ನಿದ್ರ ಅದು ನನ್ನ ಕೈಗೆ ಎಂದೂ ಬರಂಗಿಲ್ಲ."

ಹೇಳುತ್ತೇನೆ ಎಂದೆ. ಫ್ಯಾನು ನೋಡುವವರ ಮುಂದೆ ಹೇಗೆ ಹೇಳುವುದೆಂದು ವಿಮಾನದುದ್ದಕ್ಕೂ ಯೋಚಿಸಿದೆ.

ವೆರ್ಚೆಲ್ಲಿಯ ಸುತ್ತ ಎಲ್ಲಿ ನೋಡಿದರೂ ಭತ್ತದ ಗದ್ದೆ. ನೀರು ನಿಲ್ಲಿಸಿದ ಮಡಿಗಳು, ಕಾಲುವೆ, ಕಪ್ಪೆ. ಮಾವನವರು ರೈಲಿನ ಕಿಟಕಿಯಿಂದ ನೋಡಿ, "ಇಷ್ಟು ದೂರ ಹಾರಿ ನಮ್ಮೂರ ಬಾಜೂ ಜವಳಗೇರಾಕ್ಕ ಬಂದಂಗಾತಲ್ರಿ," ಎಂದು ಬೇಸರಪಟ್ಟರು. ಸಂಜೆ ಕಚ್ಚಿದ ಸೊಳ್ಳೆಗಳೂ ನಮ್ಮ ಕಡೆಯವೇ ಅನ್ನಿಸಿದವು.

ಕಂಪನಿಯ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಸಂಜೆಯಾದರೆ ಮಾವನವರು, "ಸ್ವಲ್ಪ ಅಡ್ಡಾಡಿ ಬರ್ತೀನ್ರಿ," ಎಂದು ಎಡಕ್ಕೆ ಹೋಗುವರು. ನಾನು ಬಲಕ್ಕೆ ಹೋಗುವೆ, ವೈನ್ ಬಾರುಗಳ ಕಡೆಗೆ. ಮೊದಲ ದಿನ ನನಗೆ ಬಂದದ್ದು ಸಿಟ್ಟು. ಏನು ಜನರಪ್ಪ ಇವರು! ನಡು ಚೌಕದಲ್ಲಿ ಕುರ್ಚಿ ಹಾಕಿಕೊಂಡು ಅಜ್ಜಿಯರು ಕುಡಿಯುತ್ತಾರೆ, ಪಕ್ಕದಲ್ಲಿ ತೊಟ್ಟಿಲು ಗಾಡಿಯಲ್ಲಿ ಮೊಮ್ಮಗು, ಅದರ ಪಕ್ಕ ಗ್ಲಾಸು ಹಿಡಿದ ಚರ್ಚಿನ ಪಾದ್ರಿ. ಪರದೆ ಇಲ್ಲ, ಕಪ್ಪು ಗಾಜಿಲ್ಲ. ನಾನು ಒಂದು ಬಾರಿನ ಸುತ್ತ ಹಿಂದಿನ ಬಾಗಿಲು ಹುಡುಕುತ್ತ ಹೋಗಿ ಯಾರದೋ ಅಡುಗೆ ಮನೆಯಲ್ಲಿ ನಿಂತಿದ್ದೆ. ಆ ಮನೆಯಾಕೆ ಬಯ್ಯಲಿಲ್ಲ. ಕೈಹಿಡಿದು ತಂದು ಮುಂದಿನ ಬಾಗಿಲು ತೋರಿಸಿ ಹೋದಳು.

ಆಮೇಲೆ ರುಚಿ ಹತ್ತಿತು. ಅಲ್ಲಿ ಗಟಗಟ ಕುಡಿಯುವ ಪದ್ಧತಿಯೇ ಇಲ್ಲ. ಒಂದು ಗ್ಲಾಸು ಕೆಂಪು ವೈನು ಕೇಳಿದರೆ ಜೊತೆಗೆ ಆಲಿವ್ ಕಾಯಿ, ಸುಟ್ಟ ಬ್ರೆಡ್ಡು, ಒಮ್ಮೊಮ್ಮೆ ಕಾಳು ಹಾಕಿ ಬೇಯಿಸಿದ ಅನ್ನ ಕೂಡ ಬರುತ್ತದೆ. ಕೂತು ಹರಟೆ ಹೊಡೆಯಬೇಕು, ವೈನು ಅದರ ಪಾಡಿಗೆ ಖಾಲಿಯಾಗುತ್ತದೆ. ಹಿಂತಿರುಗುವಾಗ ನಾನು ಏಲಕ್ಕಿ ಅಗಿಯುತ್ತಿದ್ದೆ. ಹೆಂಡತಿ ನನ್ನ ಬ್ಯಾಗಿನಲ್ಲಿ ಮುಚ್ಚಳಕ್ಕೆ ಕೆಂಪು ದಾರ ಸುತ್ತಿದ ಸ್ಟೀಲಿನ ಪುಟ್ಟ ಡಬ್ಬಿಯಲ್ಲಿ ಅದನ್ನು ತುಂಬಿ ಇಟ್ಟಿದ್ದಳು. ಪ್ರಯಾಣದಲ್ಲಿ ವಾಕರಿಕೆ ಬಂದರೆ ಇರಲಿ ಎಂದು ಇಟ್ಟಿದ್ದಾಳೆ ಎಂದುಕೊಂಡಿದ್ದೆ.

ಕೊನೆಯ ಸಂಜೆ ಒಂದು ಇಕ್ಕಟ್ಟಿನ ಬಾರಿನ ಮೂಲೆ ಹಿಡಿದು ಕೂತೆ. ಎರಡು ಗುಟುಕಾದ ಮೇಲೆ ಪಕ್ಕದ ಟೇಬಲ್ಲು ನೋಡಿದರೆ ಬಿಳಿ ಧೋತರ. ವೆರ್ಚೆಲ್ಲಿಯಲ್ಲಿ ಬಿಳಿ ಧೋತರ ಉಡುವವರು ಇನ್ನೆಷ್ಟು ಜನ ಇದ್ದಾರು! ಮುಂದೆ ಅರ್ಧ ಇಳಿದ ಗ್ಲಾಸು. ಮೊಣಕೈ ಊರಿದ ರೀತಿ ನೋಡಿದರೆ ಇವತ್ತಿನ ಗಿರಾಕಿಯಲ್ಲ. ನಾನು ತಿರುಗಿ ಬೆನ್ನು ಹಾಕಿದೆ. ಅವರೂ ಕಂಡಿರಬೇಕು, ಕುರ್ಚಿ ಕಿರ್ರೆಂದಿತು, ಅವರ ಬೆನ್ನೂ ನನ್ನ ಕಡೆಯಾಯಿತು. ಕಾನೂನಿನ ಪ್ರಕಾರ ಒಬ್ಬರು ಹಿಂದಿನಿಂದ ಹೋಗಬೇಕು. ಹಿಂದೆ ಗೋಡೆ ಇತ್ತು. ಮುಂದಿನ ಬಾಗಿಲಿಗೆ ಹೋಗಲು ಇಬ್ಬರಲ್ಲಿ ಯಾರೇ ಎದ್ದರೂ ಇನ್ನೊಬ್ಬರ ಕಣ್ಣಿಗೆ ಬೀಳಲೇಬೇಕು. ಬೆನ್ನಿಗೆ ಬೆನ್ನು ಕೊಟ್ಟು ಕೂತೇ ಇದ್ದೆವು.

ಬಾರಿನ ಒಡತಿ ನಮ್ಮ ಅತ್ತೆಯ ವಯಸ್ಸಿನವಳು, ಮುರುಕು ಇಂಗ್ಲಿಷ್ ಬರುತ್ತಿತ್ತು. ನಮ್ಮಿಬ್ಬರಿಗೂ ವೈರ ಎಂದುಕೊಂಡಳು.

"ಅವರು ಯಾರು?" ಎಂದಳು.

"ನನ್ನ ಹೆಂಡತಿಯ ತಂದೆ," ಎಂದೆ, ಪಿಸುಮಾತಿನಲ್ಲಿ.

"ಹಾಗಾದರೆ ಮಾತಾಡಿಸು!"

"ಆಗೋದಿಲ್ಲ. ನಾನು ಅವರನ್ನು ನೋಡಿಲ್ಲ."

"ಇಲ್ಲೇ ಕೂತಿದ್ದಾರಲ್ಲ."

"ಹೌದು."

"ಅವರೂ ನಿನ್ನ ನೋಡಿದರು."

"ಇಲ್ಲ," ಎಂದೆ.

ಆಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಗೋಡೆಗೆ ಒರಗಿಸಿದ್ದ, ತಿಂಡಿಗಳ ಹೆಸರು ಬರೆದ ಕಪ್ಪು ಹಲಗೆ ಎತ್ತಿ ತಂದಳು. ನನ್ನ ಟೇಬಲ್ಲನ್ನು ಅವರ ಟೇಬಲ್ಲಿಗೆ ಜೋಡಿಸಿ, ನಡುವೆ ಹಲಗೆ ನಿಲ್ಲಿಸಿ, ಇಬ್ಬರ ಕುರ್ಚಿಗಳನ್ನೂ ತಿರುಗಿಸಿದಳು. ಈಗ ನಾವು ಎದುರುಬದುರು ಕೂತಿದ್ದೆವು. ಕಾಣುತ್ತಿದ್ದದ್ದು ಬರೀ ಹಲಗೆ. ಪಾಪದ ಹೆಂಗಸು, ಕೈಯಾರೆ ನಮಗೊಂದು ಫ್ಯಾಮಿಲಿ ರೂಮು ಕಟ್ಟಿಕೊಟ್ಟಿದ್ದಳು.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು. ಹಲಗೆಗೆ ಹೇಳಿದೆ. "ಒಬ್ಬ ಅಳಿಯ ಅದಾನ್ರಿ. ಮಾವ ಅವಗ ಮಿಲ್ ಕೊಡ್ತೀನಿ ಅಂತಾರ. ಅವಗ ಬ್ಯಾಡಾಗೈತಿ."

 ಹಲಗೆ ಕೇಳಿತು, "ಆ ಅಳಿಯಗ ಯಾಕ ಬ್ಯಾಡಂತ್ರಿ?"

"ಅವಗ ಧೂಳಿನ ಕಾಟ್ರಿ. ಅವನ ಹೆಂಡ್ತಿಗೆ ಬೇಕಾಗೈತಿ. ಈಗೂ ನಡಸಾಕತ್ತಾಕಿ ಆಕೀನ."

 ಗ್ಲಾಸು ಕೆಳಗಿಟ್ಟದ್ದು ಕೇಳಿಸಿತು.  ಆಗ ಹಲಗೆಯ ಅಂಚಿನಿಂದ ಒಂದು ಕೈ ಈಚೆ ಬಂತು. ಬೆರಳುಗಳ ನಡುವೆ ಸ್ಟೀಲಿನ ಪುಟ್ಟ ಡಬ್ಬಿ, ಮುಚ್ಚಳಕ್ಕೆ ಕೆಂಪು ದಾರ.

"ಏಲಕ್ಕಿ ತೊಗೋರಿ. ವಾಸನಿ ಬರ್ತೈತಿ."

ನಾನು ಜೇಬಿನಿಂದ ನನ್ನ ಡಬ್ಬಿ ತೆಗೆದು ಅದರ ಪಕ್ಕದಲ್ಲಿಟ್ಟೆ. ಹಲಗೆಯ ಆಚೆ ಮಾವನವರು ಬಗ್ಗಿ ನೋಡಿದ್ದು ತಿಳಿಯಿತು.

"ನಿಮಗೂ ಇಟ್ಟಾಳೇನ್ರಿ?"

"ಹೂಂ ರೀ."

"ನಮ್ಮನ್ಯಾಗ ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ."

"ನಾನೂ ಅಂದ್ಕೊಂಡಿದ್ದೆರೀ."

"ಒಬ್ಬರದು ಒಬ್ಬರಿಗೆ ತಿಳೀದಂಗ ಇಬ್ರನ್ನೂ ಸಂಭಾಳಿಸ್ಯಾಳಲ್ರಿ," ಎಂದರು. ದನಿಯಲ್ಲಿ ಸಿಟ್ಟಿತ್ತೋ ಹೆಮ್ಮೆ ಇತ್ತೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಒಡತಿಗೆ ಹಲಗೆ ಬೇಕಾಯಿತು. ಯಾವುದೋ ತಿಂಡಿ ಮುಗಿದು ಅದರ ಹೆಸರು ಅಳಿಸಬೇಕಿತ್ತಂತೆ. ಎತ್ತಿಕೊಂಡು ಹೋಗಿಯೇ ಬಿಟ್ಟಳು. ನಮ್ಮಿಬ್ಬರ ನಡುವೆ ಎರಡು ಗ್ಲಾಸು, ಎರಡು ಡಬ್ಬಿ. ಮಾವನವರು ನನ್ನ ಮುಖ ನೋಡಿದರು. ಧೋತರದ ಚುಂಗು ಸರಿ ಮಾಡಿಕೊಂಡರು.

"ಯಾವಾಗ ಬಂದ್ರಿ ಅಳ್ಯಾರ?"

"ಈಗ ಬಂದೆರೀ ಮಾವಾರ."

ಎದ್ದು ಒಟ್ಟಿಗೆ ಹೊರಗೆ ನಡೆದೆವು.   ನಾನು ಈಗಷ್ಟೇ ಬಂದವನಾದರೆ, ಹಲಗೆಗೆ ಹೇಳಿದ ಮಾತು ಹೇಳಿಯೇ ಇಲ್ಲ ಎಂದಾಯಿತು. ನಮ್ಮೂರಿನ ಕಾನೂನು ಅಂಥದು. ಹೆಂಡತಿಗೆ ಏನು ಹೇಳಲಿ?

ಮರುದಿನ ಬೆಳಿಗ್ಗೆ ಕಂಪನಿಯವನು ಮೆಷಿನ್ನಿನ ಮಾತು ಮುಗಿಸಿ ನನ್ನ ಕಡೆ ತಿರುಗಿ, "ಮುಂದಿನ ಓನರ್ ನೀವೇ ಅಲ್ಲವೇ?" ಎಂದ. ಓನರ್ ಎಂಬ ಒಂದು ಶಬ್ದ ಮಾವನವರಿಗೆ ತಿಳಿಯಿತು. ನಾನು ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತಡೆದರು.

"ಮಾಲಕರು ಅಲ್ಲಿ ಸಿಂಧನೂರಾಗ ಮಿಲ್ ನಡಸಾಕತ್ತಾರ. ನಾವಿಬ್ರೂ ಅವರು ಕಳಿಸಿದ ಆಳು. ಹಂಗಂತ ಇಂಗ್ಲಿಷ್‌ನಾಗ ಸರಿಯಾಗಿ ಹೇಳ್ರಿ ಅಳ್ಯಾರ."

ಇಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿದವನು ಅದೊಂದು ಮಾತನ್ನು ಹೆಂಡತಿಯ ಹೆಸರು ಸೇರಿಸಿ ನಿಧಾನವಾಗಿ ಹೇಳಿದೆ, ಓನರ್ ಎಂಬ ಶಬ್ದ ಮಾತ್ರ ಮಾವನವರಿಗೂ ಕೇಳುವಂತೆ ಜೋರಾಗಿ.