ಮೂರು ಕಟಕ್ಕು, ಒಂದು ಏಟು

ಹೈದರಾಬಾದಿನ ಜೀಡಿಮೆಟ್ಲಾದ ಆ ಔಷಧ ಕಾರ್ಖಾನೆಯ ಗೇಟಿನ ಹೊರಗೆ ನಿಂತ ಲಾರಿಯವರಿಗೆ ಗಡಿಯಾರ ಬೇಕಿರಲಿಲ್ಲ. ಬೆಳಿಗ್ಗೆ ಎಂಟೂಕಾಲಿಗೆ ಡಿಸ್ಪ್ಯಾಚ್ ಕೋಣೆಯಿಂದ ತಗಡಿಗೆ ಬಡಿದ ಏಟೊಂದು ಕೇಳಿಸುತ್ತಿತ್ತು. ಕೇಳಿಸಿತೆಂದರೆ ಒಳಗೆ ಕಂಪ್ಯೂಟರ್ ಎದ್ದಿದೆ, ಡ್ರಮ್ಮುಗಳಿಗೆ ಲೇಬಲ್ ಬರುತ್ತದೆ, ಗೇಟ್‌ಪಾಸ್ ಬರುತ್ತದೆ ಎಂದು ಅವರು ಚಹಾ ಮುಗಿಸಿ ಏಳುತ್ತಿದ್ದರು.

ಏಟು ಕೊಡುತ್ತಿದ್ದವನು ಮಹೇಶಕುಮಾರ. ಕಲಬುರಗಿ ಕಡೆಯವನು, ವಯಸ್ಸು ನಲವತ್ತೊಂಬತ್ತು, ಹತ್ತೊಂಬತ್ತು ವರ್ಷದಿಂದ ಅದೇ ಕೋಣೆ, ಅದೇ ಕುರ್ಚಿ. ಕುರ್ಚಿಯ ಒಂದು ಗಾಲಿ ಮಾತ್ರ ನಡುವೆ ರಾಜೀನಾಮೆ ಕೊಟ್ಟು ಹೋಗಿತ್ತು.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿದ್ದು ನಾಲ್ಕು ವರ್ಷದ ಹಿಂದೆ. ಗುಂಡಿ ಒತ್ತಿದರೆ ಹೊಟ್ಟೆಯೊಳಗಿಂದ ಕಟಕ್, ಕಟಕ್ ಎಂದು ಸದ್ದು ಬರತೊಡಗಿತು, ಪರದೆ ಕಪ್ಪಗೇ ಉಳಿಯಿತು. ರಿಪೇರಿಯವನೊಬ್ಬ ಬಂದು ಕಿವಿ ಹಚ್ಚಿ ಕೇಳಿ, ಡಿಸ್ಕ್ ಕೊನೆಯುಸಿರು ಎಳೆಯುತ್ತಿದೆ, ಹೊಸದು ತರಿಸಿ, ಇರುವುದನ್ನೆಲ್ಲ ಅದಕ್ಕೆ ನಕಲು ಮಾಡಿಕೊಡುತ್ತೇನೆ, ಒಂದು ಮಧ್ಯಾಹ್ನದ ಕೆಲಸ ಎಂದ. ಅವನು ಅತ್ತ ಹೋದಮೇಲೆ ಮಹೇಶಕುಮಾರ ಸಿಟ್ಟಿಗೆದ್ದು ಡಬ್ಬಿಯ ಪಕ್ಕೆಗೆ ಒಂದು ಬಿಟ್ಟ. ಅದು ಎದ್ದಿತು.

ಮ್ಯಾನೇಜರರಿಗೆ ಎರಡು ಸಾಲು ಬರೆದು ಹೊಸ ಡಿಸ್ಕ್ ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ವಾರ ಸ್ಟೋರ್ಸಿನ ಮೂವರನ್ನು ಮನೆಗೆ ಕಳಿಸಿದ್ದರು. ಆ ಸಂಜೆ ಮನೆಯಿದ್ದ ಲಿಂಗಂಪಲ್ಲಿಯವರೆಗೂ ಬಸ್ಸಿನಲ್ಲಿ ನಿಂತುಕೊಂಡೇ ಮಹೇಶಕುಮಾರ ಯೋಚಿಸಿದ. ಹೊಸ ಡಿಸ್ಕನ್ನು ಯಾರು ಬೇಕಾದರೂ ಎಬ್ಬಿಸುತ್ತಾರೆ. ಈ ಕುಂಟ ಡಿಸ್ಕನ್ನು ಎಬ್ಬಿಸಲು ತಾನೊಬ್ಬನೇ ಬೇಕು. ಅದು ಕುಂಟುವವರೆಗೂ ತನ್ನ ಕುರ್ಚಿ ಭದ್ರ. ಮರುದಿನ ಕನ್ನಡ ಬಿಟ್ಟು ತನಗೆ ಬರುವ ಮೂರೂ ಭಾಷೆಗಳಲ್ಲಿ 'ಮುಟ್ಟಬಾರದು' ಎಂದು ಹಾಳೆಯಲ್ಲಿ ಬರೆದು ಅಂಟಿಸಿದ.

ದಿನ ಕಳೆದಂತೆ ಏಟಿಗೊಂದು ಶಾಸ್ತ್ರವೇ ಬೆಳೆಯಿತು. ಮೂರು ಕಟಕ್ ಎಣಿಸಬೇಕು, ನಾಲ್ಕನೆಯದು ಬರುವ ಮೊದಲು ಬಲಗೈ ಬೀಸಬೇಕು, ಉಂಗುರ ತೆಗೆದಿಟ್ಟಿರಬೇಕು. ಮ್ಯಾನೇಜರರು ಅವನನ್ನು 'ಡಾಕ್ಟರ್ ಸಾಬ್' ಎಂದು ಕರೆಯತೊಡಗಿದರು. ಮನೆಯಲ್ಲಿ ಮಾತ್ರ ಹೆಂಡತಿ ಶೈಲಶ್ರೀ, ಮಿಕ್ಸಿ ಕೆಟ್ಟು ಮೂರು ತಿಂಗಳಾಯಿತು, ಡಾಕ್ಟರು ಅದಕ್ಕೂ ಒಮ್ಮೆ ಕೈ ಮುಟ್ಟಿಸಬಹುದಲ್ಲ ಎನ್ನುತ್ತಿದ್ದಳು.

ಹೊಳೆಯಲ್ಲಿ ಕಂಬಳಿ ತೇಲಿಬಂತೆಂದು ಹಿಡಿದವನ ಗತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು ಕರಡಿ. ಇವನು ಬಿಟ್ಟರೂ ಅದು ಬಿಡಲೊಲ್ಲದು. ಮಹೇಶಕುಮಾರನಿಗೆ ಜ್ವರ ಬಂದರೂ ರಜೆಯಿಲ್ಲ. ನಾಲ್ಕು ವರ್ಷ ನಾಗರಪಂಚಮಿಗೆ ಊರಿಗೆ ಹೋಗಲಿಲ್ಲ, ಹಬ್ಬದ ಉಂಡಿಗಳೇ ಬಸ್ಸು ಹತ್ತಿ ಬಂದವು. ಒಂದು ಶನಿವಾರ ರಾತ್ರಿ ಹೋಗಿ ಭಾನುವಾರ ಬಂದುಬಿಡೋಣವೆಂದು ಬೀದರಿನವರೆಗೆ ಹೋದವನು ಅಲ್ಲಿ ಬಸ್‌ಸ್ಟ್ಯಾಂಡಿನ ಬಾಗಿಲು 'ಕಟಕ್' ಎಂದದ್ದಕ್ಕೇ ಎದೆ ಹೊಡೆದುಕೊಂಡು ವಾಪಸು ಬಂದಿದ್ದ.

ಹೀಗಿರುವಾಗ ಕಲಬುರಗಿಯಿಂದ ಅಕ್ಕ ಶಿವದೇವಿಯ ಫೋನು ಬಂತು. ಮಗಳು ತೇಜಸ್ವಿನಿಯ ಮದುವೆ, ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಮುಹೂರ್ತದ ಅಕ್ಕಿಕಾಳು. ಅಕ್ಕಿಕಾಳು ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಂತಿರಬೇಕು. ಅದು ನಡೆದು ಬಂದ ಪದ್ಧತಿ, ತೇಜಸ್ವಿನಿಗಿದ್ದವನು ಇವನೊಬ್ಬನೇ ಸೋದರಮಾವ. ಮಹೇಶಕುಮಾರ ಕಂಪನಿ, ಮಷೀನು, ರಜೆ ಎಂದು ತೊದಲಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಆತು ತಮ್ಮಾ. ನಿನಗ ಬರಾಕ ಆಗಂಗಿಲ್ಲಂದ್ರ ಆ ಕಂಪ್ಯೂಟರನ್ನರ ಕಳಸು. ಹುಡುಗಿ ಹಿಂದ ಅದನ್ನ ನಿಲ್ಲಸ್ತೀವಿ. ಎಲ್ಲಾರೂ ಅದರ ಮ್ಯಾಲೆ ಅಕ್ಕಿ ಹಾಕಲಿ."

ಅವನು ಮ್ಯಾನೇಜರರ ಬಾಗಿಲಿಗೆ ಹೋದ. ಅವರು ತುಂಬಾ ಪ್ರೀತಿಯಿಂದಲೇ ಇಲ್ಲವೆಂದರು. ಶುಕ್ರವಾರ ಮೂವತ್ತಾರು ಡ್ರಮ್ಮು ಶಂಶಾಬಾದಿಗೆ ಹೋಗಿ ವಿಮಾನ ಹತ್ತಬೇಕು, ನೀನಿಲ್ಲದೆ ಆ ಡಬ್ಬಿ ಏಳುತ್ತದೆಯೇ, ನೀನೇ ಹೇಳಿದ್ದೀಯಲ್ಲ. ಹೌದು, ತಾನೇ ಹೇಳಿದ್ದ, ನಾಲ್ಕು ವರ್ಷ ಬಿಡದೆ ಹೇಳಿದ್ದ. ಕೊನೆಗೆ ಅವರು, ಹೋಗುವುದಾದರೆ ಹೋಗು, ಬದಲಿಗೆ ಯಾರಿಗಾದರೂ ಕಲಿಸಿ ಹೋಗು, ಡ್ರಮ್ಮು ವಿಮಾನ ತಪ್ಪಿಸಿಕೊಂಡರೆ ಮಾತ್ರ ನೀನು ಅಲ್ಲೇ ಕಲಬುರಗಿಯಲ್ಲೇ ಇರಬಹುದು ಎಂದರು.

ರಾತ್ರಿಯಿಡೀ ಕಂಪ್ಯೂಟರನ್ನು ಆರಿಸದೆ ಬಿಡೋಣವೆಂದರೆ, ರಾಸಾಯನಿಕದ ಜಾಗವೆಂದು ಸಂಜೆಯಾಗುತ್ತಲೇ ಕಾವಲಿನವರು ಆ ಕೋಣೆಯ ಕರೆಂಟು ತೆಗೆಯುತ್ತಿದ್ದರು. ಕಲಿಸಲೇಬೇಕಾಯಿತು. ಸಿಕ್ಕವನು ತೂಕದ ಯಂತ್ರದ ಯಾದಗಿರಿ, ಐವತ್ತು ದಾಟಿದ ಶಾಂತ ಮನುಷ್ಯ. ಗುರುವಾರ ಮಧ್ಯಾಹ್ನ ಪಾಠ ನಡೆಯಿತು. ನಡೆಯುತ್ತಿರುವ ಕಂಪ್ಯೂಟರನ್ನು ಆರಿಸುವ ಧೈರ್ಯ ಗುರುವಿಗೇ ಇರಲಿಲ್ಲ, ಹಾಗಾಗಿ ಖಾಲಿ ರಟ್ಟಿನ ಡ್ರಮ್ಮಿನ ಮೇಲೆ ಅಭ್ಯಾಸ. ಮಹೇಶಕುಮಾರ ಬಾಯಲ್ಲಿ ಕಟಕ್, ಕಟಕ್, ಕಟಕ್ ಅನ್ನುವುದು, ಯಾದಗಿರಿ ಹೊಡೆಯುವುದು. ಒಮ್ಮೆ ಮೆತ್ತಗಾಯಿತು, ಒಮ್ಮೆ ಡ್ರಮ್ಮಿಗೆ ಕುಳಿ ಬಿತ್ತು.

"ಇಷ್ಟು ಜೋರು ಬ್ಯಾಡೋ ಯಾದಗಿರಿ. ಮಗೀಗೆ ಹೊಡದಂಗ ಹೊಡಿ."

ತಾನು ಮಕ್ಕಳಿಗೆ ಹೊಡೆದೇ ಇಲ್ಲವೆಂದು ಯಾದಗಿರಿ ತೆಲುಗಿನಲ್ಲಿ ಬೇಸರದಿಂದ ಹೇಳಿದ.

ಆ ಸಂಜೆ ಹೆಂಡತಿಯೊಡನೆ ರೈಲು ಹತ್ತಿದ ಮಹೇಶಕುಮಾರ ಶುಕ್ರವಾರ ಎಂಟೂಕಾಲಿಗೆ ಮದುವೆ ಮಂಟಪದಲ್ಲಿದ್ದ. ಯಾದಗಿರಿಗೆ ಫೋನು ಹಚ್ಚಿದ, ಎತ್ತಲಿಲ್ಲ. ಒಂಬತ್ತಕ್ಕೂ ಎತ್ತಲಿಲ್ಲ. ಹತ್ತಕ್ಕೆ ಫೋನೇ ಬಂದ್ ಆಗಿತ್ತು. ಮ್ಯಾನೇಜರರಿಗೆ ಕೇಳೋಣವೆಂದರೆ, ಕೇಳದಿದ್ದರೆ ಇನ್ನೂ ಕೆಲಸ ಇದೆ, ಕೇಳಿದರೆ ಏನಿದೆಯೋ. ತಲೆಗೆ ಪಟಗ ಸುತ್ತುವವನು, ಸ್ವಲ್ಪ ತಲಿ ಅಲ್ಲಾಡಸಬ್ಯಾಡ್ರಿ ಎಂದು ಎರಡು ಸಲ ಬೇಡಿಕೊಂಡ. ಬೀಗರು ಬಂದು ಹೈದರಾಬಾದಿನಲ್ಲಿ ಮಳೆ ಹೇಗೆಂದು ಕೇಳಿದರೆ, ಇನ್ನೂ ಎದ್ದಿಲ್ಲರಿ ಎಂದುಬಿಟ್ಟ.

ಹನ್ನೆರಡೂವರೆಗೆ ಅವನು ತೇಜಸ್ವಿನಿಯ ಬೆನ್ನ ಹಿಂದೆ ನಿಂತಿದ್ದ. ಐದು ವರ್ಷದವಳಿದ್ದಾಗ ಇದೇ ಹುಡುಗಿ ಅವನ ಹೆಗಲೇರಿ ಜಾತ್ರೆ ನೋಡುತ್ತೇನೆಂದು ಕಿವಿ ಹಿಂಡುತ್ತಿದ್ದಳು. ಈಗ ತಿರುಗಿ, "ಮಾಮಾ, ನೀ ಬಂದಿ ಅಂದ್ರ ನಂಬಕಿನ ಆಗವಲ್ದು," ಎಂದಳು. ಅಷ್ಟರಲ್ಲಿ ಅಂಗಿಯ ಕಿಸೆಯಲ್ಲಿ ಫೋನು ನಡುಗಿತು. ಎರಡೂ ಕೈ ಹುಡುಗಿಯ ಹೆಗಲ ಮೇಲಿದ್ದವು, ತೆಗೆಯುವಂತಿರಲಿಲ್ಲ. ಮಂತ್ರ ಎಷ್ಟು ಉದ್ದವಿರಬಹುದೆಂದು ಅವನಿಗೆ ಆ ದಿನ ಗೊತ್ತಾಯಿತು. ಅಕ್ಕಿ ಬಿತ್ತು, ವಾಲಗ ಏರಿತು, ಅವನು ಊಟದ ಪಂಕ್ತಿ ದಾಟಿ ನೀರಿನ ಟಾಕಿಯ ಹಿಂದೆ ಹೋಗಿ ತಿರುಗಿ ಫೋನು ಹಚ್ಚಿದ.

ಫೋನು ಚೀಲದಲ್ಲೇ ಮರೆತಿದ್ದೆ, ಚಾರ್ಜೂ ಮುಗಿದಿತ್ತು ಎಂದ ಯಾದಗಿರಿ. ಡ್ರಮ್ಮುಗಳು ಹನ್ನೊಂದಕ್ಕೇ ಶಂಶಾಬಾದಿಗೆ ಹೋಗಿದ್ದವು. ಮಹೇಶಕುಮಾರ ಪಟಗ ಸರಿಮಾಡಿಕೊಂಡ. ಎಷ್ಟು ಏಟಿಗೆ ಎದ್ದಿತು ಎಂದು ಕೇಳಿದ.

"ನೇನು ಕೊಟ್ಟಲೇದನ್ನಾ," ಎಂದ ಯಾದಗಿರಿ. ಹೊಡೆಯಲಿಲ್ಲವಂತೆ. ಗುಂಡಿ ಒತ್ತಿದನಂತೆ, ಕಟಕ್ ಅಂದಿತಂತೆ, ಕೈ ಎತ್ತಿದರೆ ಮನಸ್ಸು ಬರಲಿಲ್ಲವಂತೆ. ಚಹಾ ಕುಡಿದು ಬರುವಷ್ಟರಲ್ಲಿ ತಾನಾಗಿಯೇ ಎದ್ದು ಕೂತಿತ್ತಂತೆ.

ಮಹೇಶಕುಮಾರ ಟಾಕಿಗೆ ಒರಗಿದ. ನಾಲ್ಕನೆಯ ಕಟಕ್ಕಿನ ಆಚೆ ಏನಿದೆ ಎಂದು ಅವನು ಒಂದು ದಿನವೂ ಕಾದು ನೋಡಿರಲಿಲ್ಲ. ಸಾವಿರಕ್ಕೂ ಹೆಚ್ಚು ಏಟು. ಡಿಸ್ಕ್ ದಿನದಿನಕ್ಕೆ ಹದಗೆಟ್ಟಿದ್ದು ಕಾಯಿಲೆಯಿಂದಲೋ ಡಾಕ್ಟರರಿಂದಲೋ ಎಂಬ ಲೆಕ್ಕ ಅವನಿಗೆ ಆಗಲೇ ಹೊಳೆಯಿತು, ಮತ್ತು ಅಷ್ಟೇ ಬೇಗ ಅದನ್ನು ಮರೆಯಲು ನೋಡಿದ.

ಅಕ್ಕ ಹುಡುಕಿಕೊಂಡು ಬಂದಳು. ನಾಳೆ ಬೀಗರ ಊಟ, ಇರ್ತೀಯಲ್ಲ ಎಂದು ಕೇಳಿದಳು. ಇರುತ್ತೇನೆ ಎನ್ನಲು ಈಗ ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಇವತ್ತು ಇರಬಹುದಾದರೆ ಹಿಂದಿನ ನಾಲ್ಕು ಪಂಚಮಿಗೂ ಬರಬಹುದಿತ್ತು ಎಂದು ಒಪ್ಪಿಕೊಂಡಂತೆ.

"ಇಲ್ಲವ್ವ," ಎಂದ. "ನಾ ಇಲ್ಲಂದ್ರ ಅದು ಏಳಂಗಿಲ್ಲ."

ಅಕ್ಕ ಹೋಳಿಗೆ ಕಟ್ಟಿಕೊಟ್ಟಳು. ಶೈಲಶ್ರೀ ತಾನು ಉಳಿಯುವುದಾಗಿ ಹೇಳಿ ಅವನೊಬ್ಬನನ್ನೇ ಸಂಜೆಯ ರೈಲಿಗೆ ಕಳಿಸಿದಳು.

ಶನಿವಾರ ಎಂಟೂಕಾಲಿಗೆ ಮಹೇಶಕುಮಾರ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡು ಗುಂಡಿ ಒತ್ತಿದ. ಕಟಕ್, ಕಟಕ್, ಕಟಕ್. ಬಲಗೈ ತಾನಾಗಿಯೇ ಎದ್ದಿತು. ಅದನ್ನು ಹಿಡಿದು ತೊಡೆಯ ಕೆಳಗೆ ಇಟ್ಟು ಅದರ ಮೇಲೆ ಕೂತ. ಎಂಟು ಕಟಕ್, ಒಂಬತ್ತು. ಹೊರಗೆ ಲಾರಿಯವರು ಏಟು ಯಾಕಿನ್ನೂ ಕೇಳಿಸಲಿಲ್ಲವೆಂದು ಮಾತಾಡಿಕೊಳ್ಳುತ್ತಿದ್ದರು. ಹದಿನಾಲ್ಕನೆಯದಕ್ಕೆ ಪರದೆ ಬೆಳಗಿತು.

ಅವನು 'ಮುಟ್ಟಬಾರದು' ಹಾಳೆಯನ್ನು ಕಿತ್ತು, ಅದರ ಬೆನ್ನಿಗೆ ಎರಡು ಸಾಲು ಬರೆದ. ಬರೆಯಲು ಮೂರು ನಿಮಿಷ ಹಿಡಿಯಿತು. ಮೂವತ್ತು ಹೆಜ್ಜೆ ದೂರದ ಮ್ಯಾನೇಜರರ ಕೋಣೆಗೆ ಅದನ್ನು ಒಯ್ಯುವಾಗ ಮಧ್ಯಾಹ್ನವಾಗಿತ್ತು.

ಅವರು ಓದಿದರು. ಹೊಸ ಡಿಸ್ಕೇನೋ ತರಿಸಬಹುದು ಡಾಕ್ಟರ್ ಸಾಬ್, ಆದರೆ ಅದನ್ನು ದಿನಾ ಎಬ್ಬಿಸುವವರು ಯಾರು ಎಂದು ಕೇಳಿದರು.

ಮಹೇಶಕುಮಾರ ಉಂಗುರವನ್ನು ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿದ.

"ಯಾರಾದ್ರೂ, ಸರ್."