ಗೆಜ್ಜೆ ಅಂಗಡಿಯ ಸೈಟು, ಚಿಕ್ಕಮ್ಮನ ಧ್ವನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಚಿಕ್ಕಮ್ಮನ ವೆಬ್‌ಸೈಟಿಗೆ ಬೀಗ ಬೀಳಲು ಕಾರಣ ನಾನು. ಫೋನಿನಲ್ಲಿ ಅವರ ಧ್ವನಿ ಮಾಡಿ ಮಾತಾಡಿದೆ. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ತುಂಬ ಚೆನ್ನಾಗಿ ಮಾತಾಡಿಬಿಟ್ಟೆ.

ಇದು ನನ್ನ ಹಳೆಯ ಚಾಳಿ. ಕಾಸರಗೋಡಿನ ಶಾಲೆಯಲ್ಲಿ ಹೆಡ್‌ಮಾಸ್ಟರರ ಕೆಮ್ಮು ಕೆಮ್ಮಿ ಮೂರು ಕ್ಲಾಸುಗಳನ್ನು ಒಟ್ಟಿಗೇ ಎದ್ದು ನಿಲ್ಲಿಸಿದವನು ನಾನು. ಈಗ ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ. ಮ್ಯಾನೇಜರ್, ನಾವೆಲ್ಲ ಚೇಟ್ಟನ್ ಎಂದು ಕರೆಯುವ ಕ್ಯಾಂಟೀನಿನ ಅಣ್ಣ, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸು, ಯಾರನ್ನೂ ಬಿಟ್ಟಿಲ್ಲ. ನನ್ನ ಪಟ್ಟಿಯಲ್ಲಿ ನಾನೂ ಒಂದು ಐಟಂ: ರಜೆ ಕೇಳಲು ಬಾಸಿನ ಕೋಣೆಗೆ ಹೋಗಿ, ಇನ್ನೊಬ್ಬನ ರಜೆಯ ಕೆಲಸವನ್ನೂ ಒಪ್ಪಿಕೊಂಡು ನಗುನಗುತ್ತ ಹೊರಬರುವವನು.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಮದುವೆಯಾಗಿ ತಿರುವನಂತಪುರಕ್ಕೆ ಹೋದವರು. ಚಾಲೈ ಪೇಟೆಯಲ್ಲಿ ಅವರದ್ದು ಗೆಜ್ಜೆ ಅಂಗಡಿ. ಡ್ಯಾನ್ಸ್ ಮಕ್ಕಳ ಕಾಲಿಗೆ ಕಟ್ಟುವ, ಚರ್ಮದ ಪಟ್ಟಿಗೆ ಸಾಲುಸಾಲಾಗಿ ಹೊಲಿದ ಗೆಜ್ಜೆ. ಅಲ್ಲಿ ಅಳತೆಗೆ ಒಂದು ಪದ್ಧತಿ ಇತ್ತು. ಮಗುವಿನ ಪಾದವನ್ನು ಖಾಕಿ ಕಾಗದದ ಮೇಲಿಡಿಸಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುವುದು, ಕಾಲಿನ ಸುತ್ತಳತೆಯನ್ನು ದಾರದಲ್ಲಿ ಹಿಡಿದು ಪಕ್ಕದಲ್ಲಿ ಬರೆಯುವುದು. ಸೈಟು ಬಂದ ಮೇಲೆ ದೂರದ ಡ್ಯಾನ್ಸ್ ಟೀಚರುಗಳು ಅದೇ ಗೆರೆ ತಾವೇ ಎಳೆದು, ಫೋಟೋ ತೆಗೆದು ಸೈಟಿಗೆ ಹಾಕತೊಡಗಿದರು. “ಇನ್ನು ಕಾಗದ ಯಾಕೆ ಚಿಕ್ಕಮ್ಮ? ಎಲ್ಲ ಸೈಟಿನಲ್ಲೇ ಉಂಟಲ್ಲ” ಎಂದು ಹಳೆಯದನ್ನೆಲ್ಲ ಸ್ಕ್ಯಾನ್ ಮಾಡಿ ಏರಿಸಿ, ಕಾಗದದ ಕಟ್ಟುಗಳನ್ನು ಗುಜರಿಗೆ ಹಾಕಿಸಿದವನೂ ನಾನೇ. ಇದು ಎರಡನೆಯ ತಪ್ಪೊಪ್ಪಿಗೆ. ಒಟ್ಟಿಗೆ ಮುಗಿಸಿದರೆ ವಾಸಿ.

ಆ ಸೈಟು ಇದ್ದದ್ದು ಎರ್ನಾಕುಲಂನ ಒಬ್ಬರ ಹೋಸ್ಟಿಂಗ್ ಕಂಪನಿಯಲ್ಲಿ, ಅಂದರೆ ಸೈಟುಗಳಿಗೆ ಜಾಗ ಬಾಡಿಗೆಗೆ ಕೊಡುವಲ್ಲಿ. ಮೂರನೇ ಮಹಡಿ, ಒಂದೇ ಕೋಣೆ. ಅವರನ್ನು ನಾನು ಹೋಸ್ಟಿಂಗ್ ಸಾರ್ ಎಂದು ಕರೆಯುತ್ತಿದ್ದೆ; ಚಿಕ್ಕಮ್ಮನಿಗೆ ಅವರ ಪರಿಚಯ ಫೋನಿನಲ್ಲಿ ಮಾತ್ರ. ಸೈಟು ಎಷ್ಟು ನಿಧಾನವೆಂದರೆ, ಟೀಚರು ಫೋಟೋ ಏರಿಸಿ ಮುಗಿಸುವಷ್ಟರಲ್ಲಿ ಮಗುವಿನ ಕಾಲು ಒಂದು ಸೈಜು ಬೆಳೆದಿರುತ್ತಿತ್ತು. ಬೇರೆ ಕಡೆಗೆ ಸಾಗಿಸುವ ಎಂದೆ. ಬೇಕಾದ್ದು ಎರಡೇ: ಫೈಲುಗಳ ಒಂದು ಪ್ರತಿ, ಸೈಟಿನ ಹೆಸರನ್ನು ಬಿಟ್ಟುಕೊಡುವ ಒಂದು ಕೋಡು. ಹೆಸರನ್ನು ಸಾರ್ ತಮ್ಮದೇ ಖಾತೆಯಲ್ಲಿ ನೋಂದಾಯಿಸಿ ಇಟ್ಟುಕೊಂಡಿದ್ದರು. ಎಷ್ಟು ಮೇಲ್ ಕಳಿಸಿದರೂ ಬರುತ್ತಿದ್ದದ್ದು ದೂರಿನ ಒಂದು ಟಿಕೆಟ್ ನಂಬರು, ಅದರ ಕೆಳಗೆ ‘ನಿಮ್ಮ ತಾಳ್ಮೆಗೆ ಧನ್ಯವಾದ’. ಇಲ್ಲದ ವಸ್ತುವಿಗೆ ಅಷ್ಟು ಸಲ ಧನ್ಯವಾದ ಪಡೆದವನು ನಾನೊಬ್ಬನೇ ಇರಬೇಕು.

ತಿಂಗಳ ಕೊನೆಗೆ ಆ ಹೆಸರಿನ ಅವಧಿ ಮುಗಿಯುತ್ತಿತ್ತು. ಶಾಲೆಗಳ ಕಲೋತ್ಸವ ಎದುರಿಗೇ. ಹೆಸರು ಹೋದರೆ ಟೀಚರುಗಳಿಗೆ ಅಂಗಡಿ ಸಿಗುವುದಿಲ್ಲ. ಫೈಲು ಹೋದರೆ ಚಿಕ್ಕಮ್ಮನಿಗೆ ಕಾಲುಗಳೇ ಸಿಗುವುದಿಲ್ಲ.

ಕೊನೆಗೊಮ್ಮೆ ಸಾರ್, “ಅಕೌಂಟ್ ಯಾರದೋ ಅವರೇ ಫೋನ್ ಮಾಡಲಿ” ಎಂದರು. ಚಿಕ್ಕಮ್ಮನಿಗೆ ಅಂಗಡಿಯಲ್ಲಿ ಪುರುಸೊತ್ತಿಲ್ಲ, ಯಾಕೆ ಸುಮ್ಮನೆ ತೊಂದರೆ ಎಂದು ನಾನೇ ಮಾಡಿದೆ. ಸುಳ್ಳು. ಕ್ಯಾಂಟೀನಿನಲ್ಲಿ ನಾಲ್ಕು ಜನ ಗೆಳೆಯರು ಸುತ್ತ ಕೂತಿದ್ದರು, ಅದಕ್ಕೇ ಮಾಡಿದೆ. ಸ್ಪೀಕರ್ ಹಾಕಿ, ಮೂಗು ಸ್ವಲ್ಪ ಹಿಡಿದು, ಪ್ರತಿ ಮಾತಿನ ಕೊನೆಯಲ್ಲಿ ಚಿಕ್ಕಮ್ಮನ ಆ ಎಳೆತ. ಹುಟ್ಟಿದ ದಿನ ಕೇಳಿದರು, ಹೇಳಿದೆ. ಅಂಗಡಿಯ ವಿಳಾಸ, ಅದೂ ಆಯಿತು. ಸಾರ್ ಎಷ್ಟು ಕರಗಿದರೆಂದರೆ “ಚೇಚಿಗೆ ಮಂಡಿನೋವು ಕಡಿಮೆಯಾಯ್ತಾ?” ಎಂದು ಸ್ವಂತ ಅಕ್ಕನನ್ನು ಕೇಳುವ ಹಾಗೆ ಕೇಳಿದರು. ನಾನು ಒಂದು ನಿಟ್ಟುಸಿರು ಬಿಟ್ಟೆ. ಗೆಳೆಯನೊಬ್ಬನ ಮೂಗಿನಿಂದ ಚಹಾ ಬಂತು.

ಮರುದಿನ ಸಾರ್ ಖಾತ್ರಿ ಮಾಡಿಕೊಳ್ಳಲು ಅಂಗಡಿಗೇ ಫೋನ್ ಮಾಡಿದರು. ಅಸಲಿ ಚಿಕ್ಕಮ್ಮನಿಗೆ ಆವತ್ತು ನೆಗಡಿ, ಗಂಟಲು ಕಟ್ಟಿತ್ತು. “ನಾನು ನಿನ್ನೆ ಫೋನೇ ಮಾಡ್ಲಿಲ್ಲ” ಎಂದರು, ಸತ್ಯವಂತರು. “ನಿನ್ನೆ ಮಾತಾಡಿದ್ದು ನಮ್ಮ ಚೇಚಿಯೇ. ನೀವು ಯಾರು?” ಎಂದು ಕೇಳಿ ಸಾರ್ ಅಕೌಂಟಿಗೆ ಬೀಗ ಹಾಕಿದರು. ನನ್ನ ಕಲೆಗೆ ಇದಕ್ಕಿಂತ ದೊಡ್ಡ ವಿಮರ್ಶೆ ಈವರೆಗೆ ಬಂದಿಲ್ಲ.

“ಎಂಥದು ಮಾರಾಯ, ನಾನು ನಾನಲ್ವಂತೆ!” ಎಂದು ಚಿಕ್ಕಮ್ಮ ನನಗೆ ಫೋನ್ ಮಾಡಿದರು. ನಡೆದದ್ದು ಹೇಳಿದೆ. ಕೇಳಿ ಹೇಳಿದರು: “ಶನಿವಾರ ನಾನೇ ಬರ್ತೇನೆ. ಸ್ಟೇಷನ್ನಿಗೆ ಬಾ. ಬಾಯಿ ಮನೆಯಲ್ಲಿಟ್ಟು ಬಾ.”

ಶನಿವಾರ ಬೆಳಿಗ್ಗೆ ತ್ರಿಪ್ಪುಣಿತ್ತುರದಲ್ಲಿ ರೈಲಿಳಿದರು. ಯಾವುದೋ ಟೀಚರಿಗೆ ತಲುಪಿಸಲೆಂದು ಚೀಲದಲ್ಲಿ ಎರಡು ಜೊತೆ ಗೆಜ್ಜೆ. ಅಲ್ಲಿಂದ ಮೆಟ್ರೋ ಹತ್ತಿದೆವು. ಅದು ಒಮ್ಮೆ ಕುಲುಕಿದರೆ ಗೆಜ್ಜೆಗಳೂ ಘಲ್ಲೆನ್ನುತ್ತಿದ್ದವು. ಬೋಗಿಯಲ್ಲಿದ್ದವರೆಲ್ಲ ತಲೆಯೆತ್ತಿ ಹುಡುಕುತ್ತಿದ್ದರು. ಚಿಕ್ಕಮ್ಮ ಮಾತ್ರ ಎದುರು ಕೂತವರ ಪಾದಗಳನ್ನು ನೋಡುತ್ತ ಇದ್ದರು. ಮುಖ ನೋಡಿದ್ದು ಕಾಣಲಿಲ್ಲ. ಅದನ್ನೂ ಅನುಕರಿಸಬೇಕು ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಬುದ್ಧಿ ಬರುವುದು ಹೀಗೆಲ್ಲ ಅಲ್ಲ, ನೋಡಿ.

ಎರ್ನಾಕುಲಂನ ಮೂರು ಮಹಡಿಯನ್ನು ಆ ಮಂಡಿನೋವಿನಲ್ಲೇ ಹತ್ತಿದರು. ಅಲ್ಲಿ ನಡೆದ ಮಾತೆಲ್ಲ ಮಲಯಾಳದಲ್ಲಿ. ನಮ್ಮ ಮನೆಯ ಕನ್ನಡಕ್ಕೆ ನಾನು ಇಳಿಸಿದ್ದು.

“ಬ್ಯಾಕಪ್ ಕೆಟ್ಟುಹೋಗಿದೆ ಚೇಚಿ. ಫೈಲೇ ತೆರೆಯುವುದಿಲ್ಲ” ಎಂದರು ಹೋಸ್ಟಿಂಗ್ ಸಾರ್. “ಮತ್ತೆ, ನೀವೇ ಅಂತ ನಾನು ನಂಬುವುದು ಹೇಗೆ? ನಿಮ್ಮ ಹಾಗೇ ಇನ್ನೊಬ್ಬರು ಮಾತಾಡಿದ್ದಾರೆ.”

“ಅದು ಇವನು. ಮಾಡಿ ತೋರಿಸು” ಎಂದರು ಚಿಕ್ಕಮ್ಮ.

ನನ್ನ ಜೀವನದ ಅತ್ಯಂತ ಕಷ್ಟದ ಪ್ರದರ್ಶನ. ನಿಟ್ಟುಸಿರಿನ ಸಮೇತ ಮಾಡಿದೆ. ಸಾರ್ ನನ್ನ ಮುಖವನ್ನೂ ಅವರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು. “ನಾನು ಇಷ್ಟು ಮೂಗಿನಲ್ಲಿ ಮಾತಾಡ್ತೇನಾ?” ಎಂದು ಚಿಕ್ಕಮ್ಮ ಮೂಗಿನಲ್ಲೇ ಕೇಳಿದರು.

“ಹಾಗಾದರೆ ಹುಟ್ಟಿದ ದಿನ ಇವನಿಗೂ ಗೊತ್ತು, ವಿಳಾಸವೂ ಗೊತ್ತು. ನಿಮ್ಮ ಹತ್ತಿರ ಇನ್ನು ಎಂಥ ಕೇಳಲಿ?”

“ಕಾಲು ಕೇಳು.”

ಸಾರ್ ನಕ್ಕರು. ಈ ಹೆಂಗಸನ್ನು ಒಮ್ಮೆ ಸೋಲಿಸಿ ಕಳಿಸುವ ಎಂದುಕೊಂಡಿರಬೇಕು. ಕಂಪ್ಯೂಟರ್ ಕಡೆ ತಿರುಗಿ ಏನೋ ಒತ್ತಿದರು. “ಆಟ್ಟಿಂಗಲ್ ಟೀಚರ್. ಮೂರನೇ ಮಗು.”

ಚಿಕ್ಕಮ್ಮ ಕಣ್ಣು ಮುಚ್ಚಲಿಲ್ಲ, ಸೂರು ನೋಡಲಿಲ್ಲ. ಮಡಿಲಲ್ಲಿದ್ದ ಕೈಯ ಬೆರಳು ಮಾತ್ರ ಗಾಳಿಯಲ್ಲಿ ಒಂದು ಸುತ್ತು ಹಾಕಿತು, ಪಾದದ ಸುತ್ತ ಪೆನ್ಸಿಲ್ ಎಳೆದ ಹಾಗೆ. “ಎಂಟೂಕಾಲು ಇಂಚು. ಎಡಗಾಲಿನ ಕಿರುಬೆರಳು ಮೇಲೆ ಹತ್ತಿ ಕೂತಿದೆ. ನಾಲ್ಕು ಸಾಲು.”

ಸಾರ್ ಅವರ ನಗು ಅರ್ಧಕ್ಕೆ ನಿಂತಿತು. “ಕೊಲ್ಲಂ. ಹದಿನಾಲ್ಕನೇ ಮಗು.”

ಬೆರಳು ಇನ್ನೊಂದು ಸುತ್ತು ತಿರುಗಿತು. “ಅದು ಕಳೆದ ವರ್ಷ ಬಿದ್ದ ಮಗು. ಬಲಗಾಲು ಅರ್ಧ ಇಂಚು ದಪ್ಪ. ಎರಡಕ್ಕೂ ಬೇರೆ ಬೇರೆ ಪಟ್ಟಿ, ಆದರೆ ಗೆಜ್ಜೆಯ ಲೆಕ್ಕ ಒಂದೇ. ಸದ್ದು ಹೆಚ್ಚು ಕಡಿಮೆ ಆದರೆ ಮಗುವಿಗೆ ಬೇಜಾರಾಗ್ತದೆ.”

ಸಾರ್ ಕುರ್ಚಿಯನ್ನು ಮುಂದೆ ಎಳೆದುಕೊಂಡರು. ನೆಯ್ಯಾಟಿಂಕರ ಕೇಳಿದರು, ಆಲಪ್ಪುಳ ಕೇಳಿದರು, ಆರು ವರ್ಷ ಹಿಂದಿನದು ಕೇಳಿದರು. ಆ ಬೆರಳು ಒಮ್ಮೆಯೂ ತಪ್ಪಲಿಲ್ಲ. ನಾನು ಗೋಡೆಗೆ ಒರಗಿ ನಿಂತುಬಿಟ್ಟಿದ್ದೆ. ಇಷ್ಟು ವರ್ಷ ನಾನು ಈ ಹೆಂಗಸಿನ ಮೂಗನ್ನು ಮಾತ್ರ ಕಲಿತಿದ್ದೆ. ಆ ಬೆರಳಿನ ತುದಿಯಲ್ಲಿ ಇಷ್ಟೊಂದು ಮಕ್ಕಳು ಎದ್ದು ನಿಂತಿದ್ದಾರೆ, ಒಂದೊಂದರ ನೋವೂ ನೆನಪಿದೆ, ಎಂದು ನನಗೆ ಗೊತ್ತಿರಲಿಲ್ಲ. ಏನೋ ಹೇಳಲು ಬಾಯಿ ತೆರೆದೆ. ನಿಜವಾಗಿಯೂ ಮನೆಯಲ್ಲಿ ಬಿಟ್ಟು ಬಂದ ಹಾಗಿತ್ತು.

ಹೋಸ್ಟಿಂಗ್ ಸಾರ್ ಕೈ ಮುಗಿದರು. “ನೀವೇ ಚೇಚಿ. ಒಪ್ಪಿದೆ. ಈ ಹುಡುಗನಿಂದ ಇದಾಗುವುದಿಲ್ಲ. ಆದರೆ ಮೊದಲೇ ಹೇಳಿದೆನಲ್ಲ, ಫೈಲು ಕೆಟ್ಟುಹೋಗಿದೆ. ಕೊಡುವ ಅಂದರೂ ನನ್ನ ಹತ್ತಿರ ಎಂಥದೂ ಇಲ್ಲ.”

ಅಷ್ಟು ಓದಿದ ನಾನೂ ಅಯ್ಯೋ ಪಾಪ ಎಂದು ತಲೆಯಾಡಿಸಿದೆ. ಅರ್ಧ ಗಂಟೆಯ ನಂತರ ಫೈಲುಗಳೆಲ್ಲ ನನ್ನ ಪೆನ್‌ಡ್ರೈವಿಗೆ ಬಂದವು, ಕೋಡು ಒಂದು ಚೀಟಿಯಲ್ಲಿ ಬಂತು. ಅವು ಬಂದದ್ದು, ಸಾರ್ ಎಂಥದೂ ಇಲ್ಲ ಎಂದಾಗ ಚಿಕ್ಕಮ್ಮ ಚೀಲ ಹೆಗಲಿಗೇರಿಸಿಕೊಳ್ಳುತ್ತ, ನೆಗಡಿಯ ಮೂಗಿನಲ್ಲಿ ಹೇಳಿದ ಮಾತಿನಿಂದ. ಅದಕ್ಕೆ ಮಾತ್ರ ನನ್ನ ಕಡೆಯಿಂದ ಏನೂ ಸೇರಿಸದೆ ಹೇಳುತ್ತೇನೆ:

“ಮಗಾ, ಕೆಟ್ಟುಹೋದ ಫೈಲನ್ನೇ ಇಷ್ಟು ಹೊತ್ತು ಓದಿ ನನ್ನನ್ನು ಪರೀಕ್ಷೆ ಮಾಡಿದ್ದು ನೀನೇ ಅಲ್ವಾ? ಅದನ್ನು ಮುಚ್ಚಬೇಡ. ಹಾಗೇ ತೆರೆದಿಟ್ಟುಕೊಂಡು ಆಚೆ ಸರಿ, ನನ್ನ ಹುಡುಗ ಕೂತ್ಕೊಳ್ಳಲಿ.”