ಹುಳುಮನೆಯ ಶಾಖ

ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, 'ಎಲ್ಲಿ, ಸಾಕ್ಷಿ ತೋರಿಸಿ' ಎಂದು ಗೇಲಿ ಮಾಡುತ್ತಿದ್ದವನು ನಾನು. ಈಗ ಸಾಕ್ಷಿಯಿಲ್ಲದ ಸಂಗತಿಯೊಂದನ್ನು ನಾನೇ ಹೇಳಹೊರಟಿದ್ದೇನೆ. ನೀವು ನಕ್ಕರೆ ತಪ್ಪಿಲ್ಲ.

ಬಿಡದಿ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಂಥದೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಮನೆ ಕನಕಪುರದ ಕಡೆಯ ಹಳ್ಳಿಯಲ್ಲಿ. ಹೆಂಡತಿ ಜಯ ರೇಷ್ಮೆ ಹುಳು ಸಾಕುತ್ತಿದ್ದಳು. ಊರಿಗೆ ಬ್ರಾಡ್‌ಬ್ಯಾಂಡ್ ಬಂದದ್ದೇ ತಡ, ಹುಳುಮನೆಯ ಶಾಖ ಅಳೆಯುವ ವಯರೊಂದನ್ನು ಮನೆಯ ಕಂಪ್ಯೂಟರಿಗೆ ಜೋಡಿಸಿದೆ. ಬೇರೆಯವರು ಇಣುಕಲಾಗದ ಸುರಕ್ಷಿತ ಸಂಪರ್ಕದಲ್ಲಿ, ಪಾಸ್‌ವರ್ಡ್ ಕೊಟ್ಟು, ಕಾರ್ಖಾನೆಯಿಂದಲೇ ಆ ಅಂಕಿ ನೋಡುವುದು ನನಗೊಂದು ಜಂಬ. ಒಂದು ಡಿಗ್ರಿ ಇಳಿದರೂ ಫೋನ್ ಮಾಡಿ ಜಯಳನ್ನು ಗದರುತ್ತಿದ್ದೆ.

ಅದು ಪುಷ್ಯದ ಚಳಿ, ಹುಳು ಇನ್ನೂ ಮರಿ. ಹಿಂದಿನ ದಿನವೂ ಗದರಿದ್ದೆ. ಅದಕ್ಕೇ ಅವಳು ಬೆಳಿಗ್ಗೆ ಕೆಂಡದ ಬಾಂಡ್ಲಿ ಒಳಗಿಟ್ಟು, ಕಿಟಕಿ ಸಂದಿಗೆಲ್ಲ ಗೋಣಿ ತುರುಕಿ, ಬಾಗಿಲು ಹಾಕಿಕೊಂಡು ಅಲ್ಲೇ ಕೂತಿದ್ದಳು. ಇದು ನನಗೆ ಗೊತ್ತಾದದ್ದು ಆಮೇಲೆ.

ಮಧ್ಯಾಹ್ನ ಸಂಪರ್ಕಿಸಿದೆ. ಇಪ್ಪತ್ತೇಳರ ಸುಮಾರು ಇರಬೇಕಾದದ್ದು ಮೂವತ್ತಾರು ಡಿಗ್ರಿ. ಐದು ನಿಮಿಷಕ್ಕೆ ಮೂವತ್ತೆಂಟು, ಆಮೇಲೆ ನಲವತ್ತೊಂದು. ಹುಳು ಸತ್ತವೆಂದೇ ಸಿಟ್ಟಿನಿಂದ ಮನೆಗೆ ಫೋನ್ ಮಾಡಿದೆ. ಎರಡು ಸಲವೂ ರಿಂಗಾಗಿ ನಿಂತುಹೋಯಿತು. ಮರಿಹುಳು ಬಿಟ್ಟು ಅವಳು ಎಲ್ಲಿಗೂ ಹೋಗುವವಳಲ್ಲ.

ಪಕ್ಕದ ಮನೆಯ ಸಿದ್ದಣ್ಣನ ಮೊಬೈಲಿಗೆ ಮಾಡಿ, ಹುಳುಮನೆಯಲ್ಲಿ ಜಯ ಇದ್ದಾಳೇನೋ ನೋಡು ಎಂದೆ. ಹೋಗಿ ನೋಡಿದವನು, ಬಾಗಿಲು ಒಳಗಿಂದ ಹಾಕಿದೆ ಎಂದ.

"ಹುಳಮನೆ ಒಳಕ್ಕೆ ಹೊರಗ್ನೋರು ಕಾಲಿಡಂಗಿಲ್ಲ ಕಣಪ್ಪ. ನಾಳೆ ಹುಳ ಕೆಟ್ರೆ ನನ್ ತಲೆಗೆ ಬತ್ತದೆ," ಎಂದ.

"ಹುಳ ಹಾಳಾಗೋಗ್ಲಿ, ಬಾಗ್ಲು ಒದ್ದು ನೋಡಣ್ಣ."

ಬಾಗಿಲು ಮುರಿದ ಸದ್ದು ಫೋನಿನಲ್ಲೇ ಕೇಳಿತು. ಜಯ ಬಾಂಡ್ಲಿ ಪಕ್ಕ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅಂಗಳಕ್ಕೆ ಎಳೆದು ತಂದು, ಆಸ್ಪತ್ರೆ ಸೇರಿಸಿದ್ದರಿಂದ ಉಳಿದಳು. ಮುಚ್ಚಿದ ಮನೆಯಲ್ಲಿ ಕೆಂಡದ ಗಾಳಿ ವಿಷವಾಗುತ್ತದೆ, ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮಾರನೆಯ ದಿನ ಮನೆಗೆ ಬಂದಾಗ ತಿಳಿಯಿತು: ಹಿಂದಿನ ದಿನ ಬೆಳಿಗ್ಗೆ ಎಂಟಕ್ಕೇ ಊರಿನ ಕರೆಂಟು ಹೋಗಿ, ಬಂದದ್ದು ಸಂಜೆಗಂತೆ. ಯುಪಿಎಸ್ ರಿಪೇರಿಗೆ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ಆ ಮಧ್ಯಾಹ್ನದ್ದು ಏನೂ ಇಲ್ಲ. ಕೊನೆಯ ಅಂಕಿ ಎಂಟು ಗಂಟೆಯದು, ಇಪ್ಪತ್ತೈದು. ಸಿದ್ದಣ್ಣನನ್ನು ಕೇಳಿದರೆ, "ಅಂಥಾ ಸೆಕೆ ಏನಿರ್ನಿಲ್ಲ ಕಣಪ್ಪ, ಒಸಿ ಬೆಚ್ಗಿತ್ತು ಅಷ್ಟೆ," ಎಂದ.

ಹಳೆಯ ಅಂಕಿಯೇನೋ ಪರದೆಯಲ್ಲಿ ಕಂಡಿರಬೇಕು ಎಂದರು ಗೆಳೆಯರು. ಹಳೆಯ ದಿನಗಳನ್ನೆಲ್ಲ ತಡಕಿದೆ, ನಲವತ್ತೊಂದು ಎಲ್ಲೂ ಇಲ್ಲ. ಕಬ್ಬಾಳಮ್ಮ ಕಾಪಾಡಿದಳು ಎನ್ನುತ್ತಾಳೆ ಜಯ. ನಾನು ವಯರನ್ನು ಅಂದೇ ಕಿತ್ತುಹಾಕಿದೆ.

ಕರೆಂಟಿಲ್ಲದ ಮನೆಗೆ ಸಂಪರ್ಕ ಸಿಗಬಾರದು, ಅದು ನ್ಯಾಯ. ಆದರೆ ಆವತ್ತು ಪರದೆ ಆ ನಿಜವನ್ನೇ ಹೇಳಿದ್ದರೆ, ಓ, ಕರೆಂಟು ಹೋಗಿದೆ ಎಂದುಕೊಂಡು ನಾನು ಊಟಕ್ಕೆ ಎದ್ದುಹೋಗುತ್ತಿದ್ದೆ.